ಗುರುವಾರದ ತಪ್ಪು

ಶೆಫೀಲ್ಡಿನ ವಾಕ್ಲಿ ಏರು. ಇಲ್ಲಿಯ ರಸ್ತೆಗಳು
ಗೋಡೆಗೊರಗಿಸಿಟ್ಟ ಏಣಿಗಳು.
ಕೈಗಾಡಿಯ ಮೇಲೆ ಆಂಟೆನಾ, ಬ್ಯಾಟರಿ, ಟಾರ್ಪಾಲು.
ತಳ್ಳುವವಳು ಟ್ಯಾಮ್ಸಿನ್,
ಚಕ್ರಕ್ಕೆ ಕಲ್ಲು ಕೊಡುವವಳು ನಾನು.
ಸಂಶೋಧನೆಯೆಂದರೆ ಮುಕ್ಕಾಲುಪಾಲು ಇದೇ:
ಹಿಂದಕ್ಕೆ ಜಾರದಂತೆ ಕಲ್ಲು ಕೊಡುವುದು.

ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ ಅನ್ನುತ್ತಾರಲ್ಲ,
ನಮಗದೇ ಕಸುಬು, ಅದಕ್ಕೇ ಸಂಬಳ,
ಅದೂ ಮಾರ್ಚಿನ ತನಕ.
(ಗಾಳಿ ಬಂದಾಗ ತೂರಿಕೊಂಡವರು
ಆಚೆ ಕಟ್ಟಡದಲ್ಲಿದ್ದಾರೆ. ಅಲ್ಲಿ ಕಾಫಿ ಯಂತ್ರವೂ ಇದೆ.)

ಇಪ್ಪತ್ತಾರು ಗಿಗಾಹರ್ಟ್ಸಿನ ಅಲೆ ಬಲು ನಾಜೂಕು.
ಅಂಗೈ ಅಡ್ಡ ಹಿಡಿದರೆ ಮುನಿಯುತ್ತದೆ,
ನೆನೆದ ಎಲೆ ಕಂಡರೆ ಅಲ್ಲೇ ಕೂರುತ್ತದೆ.
ಮನುಷ್ಯನೆಂದರೆ ಅದಕ್ಕೆ
ನಿಂತ ನೀರು, ಚರ್ಮದ ಕೊಡ.
ಎಲ್ಲಿ ಮುನಿದೀತು, ಯಾವಾಗ ಒಲಿದೀತು
ಮುಂಚೆಯೇ ಹೇಳಲು ಯಂತ್ರಕ್ಕೆ ಕಲಿಸುತ್ತಿದ್ದೆವು.
ಬೆಹ್ರೂಜ್ ಅದಕ್ಕೆ ಹೆಸರಿಡಲು ಬಿಡಲಿಲ್ಲ.
'ಹೆಸರಿಟ್ಟ ಮೇಲೆ ಬೈಯಲು ಬಾಯಿ ಬರುವುದಿಲ್ಲ' ಅಂದ.

ಐವತ್ತೆರಡು ಕಂಬಕ್ಕೆ, ಎದೆಯೆತ್ತರಕ್ಕೆ,
ಐವತ್ತೆರಡು ಡಬ್ಬಿ ಕಟ್ಟಿಬಂದೆವು.
ಯಂತ್ರ ಕಲಿಯಿತು: ಇಗರ್ಜಿಯ ಸೀಸದ ಮಾಡು,
ಬಸ್ಸು ಹೊರಳುವ ಮೂಲೆ,
ಯಾರದೋ ಹಗ್ಗದ ಮೇಲಿನ ದುಪ್ಪಟಿ
ಹಸಿಯೋ ಒಣಗಿತೋ, ಅದನ್ನೂ.
ನಲವತ್ತೊಂದನೆಯ ಕಂಬ ಮಾತ್ರ
ಗುರುವಾರ ಮೂರರಿಂದ ಮೂರೂಮುಕ್ಕಾಲು
ಮಾತು ಕೇಳುವುದಿಲ್ಲ.
ಯಂತ್ರ 'ಇದೆ' ಅನ್ನುತ್ತದೆ, ಇರುವುದಿಲ್ಲ.

'ಗದ್ದಲ,' ಅಂದರು ಪ್ರೊಫೆಸರ್ ಸಟ್‌ಕ್ಲಿಫ್
ಕನ್ನಡಕ ಒರೆಸುತ್ತ, 'ಕಿತ್ತುಹಾಕಿ.'
ಗದ್ದಲಕ್ಕೆಲ್ಲಿಯ ಗಡಿಯಾರ ಸಾರ್?

ಹೋಗಿ ನಿಂತೆವು. ಮೂರಕ್ಕೆ ಎರಡು ನಿಮಿಷ ಇರುವಾಗ
ಗ್ರಿಮ್ಸ್‌ಬಿಯಿಂದ ಬಂತು ಮೀನಿನ ವ್ಯಾನು,
ಉಕ್ಕಿನ ಮೈ, ಐಸಿನ ಹೊಗೆ.
ಬೀದಿಯ ಬಾಗಿಲುಗಳು ತೆರೆದವು.
ಊರುಗೋಲು, ಗಾಲಿಯ ಚೀಲ, ರೇನ್‌ಕೋಟು,
ಹನ್ನೊಂದು ಜನ, ಹನ್ನೊಂದು ತುಂಬಿದ ಕೊಡ,
ಕಂಬದ ಬುಡದಲ್ಲೇ ಸಾಲು.
ನನ್ನ ಪರದೆಯ ಗೆರೆ
ಮುಗ್ಗರಿಸಿ ನೆಲಕ್ಕೆ ಬಿತ್ತು.

ತಾವು ತಪ್ಪೆಂದು ಅವರಿಗೇನು ಗೊತ್ತು!
ಡೋರೀನ್ ಎಂಬಾಕೆಯ ಮಂಡಿಯ ವಿಚಾರ ನಡೆದಿತ್ತು,
ಹೊಸ ಮಂಡಿ, ಎಡದ್ದು, ಹಳೆಯದೇ ವಾಸಿಯಂತೆ.
ವ್ಯಾಪಾರಿ ಕೇಳಿದ: 'ಅದೇನಮ್ಮ ಗಾಡಿ, ಐಸ್‌ಕ್ರೀಮಾ?'
ಟ್ಯಾಮ್ಸಿನ್ ಬಿಡಿಸಿ ಹೇಳಿದಳು, ಸೂತ್ರವೊಂದು ಬಿಟ್ಟು.
ಅವನು ತಲೆಯಾಡಿಸಿ, ಕತ್ತಿ ಕೆಳಗಿಟ್ಟು,
ಬ್ರೇಕು ಸಡಿಲಿಸಿ
ವ್ಯಾನನ್ನು ಮೊಳದಷ್ಟು ಹಿಂದಕ್ಕೆ ಬಿಟ್ಟ.

ಗೆರೆ ಎದ್ದಿತು.
ಆರು ತಿಂಗಳಲ್ಲಿ ಕಾಣದಷ್ಟು ಎತ್ತರಕ್ಕೆ.
ಉಕ್ಕಿನ ಬದಿಗೆ ಬಡಿದು, ಸಾಲಿನ ಪಕ್ಕ ನುಸುಳಿ
ಅಲೆ ಬಂದು ಡಬ್ಬಿ ತಟ್ಟಿತ್ತು.
ಅಡ್ಡ ನಿಂತದ್ದೇ ಕನ್ನಡಿಯಾಯಿತು
ಎಂದು ಬರೆದುಕೊಳ್ಳಲು ಹೋಗಿ ಬಿಟ್ಟೆ.
ನೀತಿಗೆ ನಮ್ಮ ಕೋಷ್ಟಕದಲ್ಲಿ ಅಂಕಣವಿಲ್ಲ.
ಮರುವಾರ ವ್ಯಾನು ಹಳೆಯ ಜಾಗಕ್ಕೇ ಬಂತು.
ಅಲ್ಲಿ ನೆಲ ಸಮ, ತಕ್ಕಡಿ ವಾಲುವುದಿಲ್ಲ.

ಪ್ರಬಂಧ ಓದಿದ ಪರೀಕ್ಷಕರು
'ಮೀನಿನ ವ್ಯಾನು ಅಪ್ರಸ್ತುತ' ಅಂದರು.
ಆ ಸಾಲು ತೆಗೆದೆವು.
ದತ್ತಾಂಶದಲ್ಲಿ ಒಂದು ಅಂಕಣದ ಹೆಸರು ಮಾತ್ರ
'ಹ್ಯಾಡಕ್' ಎಂದೇ ಉಳಿದಿದೆ, ಯಾರೂ ಕೇಳಿಲ್ಲ.
ಈಗ ಯಂತ್ರಕ್ಕೆ ಗುರುವಾರ ಗೊತ್ತು, ಹನ್ನೊಂದೂ ಗೊತ್ತು.

ಮೊನ್ನೆ ಮತ್ತೆ ತಪ್ಪಿತು.
ಅದು ಹೇಳಿದಷ್ಟು ಆಳಕ್ಕೆ ಗೆರೆ ಬೀಳಲಿಲ್ಲ.
ಒಂದು ಕೊಡದಷ್ಟು ಕಡಿಮೆ.
ಬೆಹ್ರೂಜ್ ಬೈಯಲಿಲ್ಲ, ಪರದೆಯನ್ನೇ ನೋಡುತ್ತ ಕೂತ.
ಟ್ಯಾಮ್ಸಿನ್ ಕೋಟು ಹಾಕಿಕೊಂಡಳು,
ಗಾಡಿ ತೆಗಿ ಅಂದಳು,
ಮಂಡಿ ಹೇಗಿದೆ ಕೇಳಿಕೊಂಡು ಬರೋಣ.
ಕಲ್ಲು ಎಲ್ಲಿಟ್ಟೆನೋ.